ಬಾಣ ತಾನಾಗಿ ಓಡಿದರೆ ವೈರ್ ಕೀಳಿ

"ನಾಳೆ ಕೈಬೀಸಿಕೊಂಡು ಆಫೀಸಿಗೆ ಹೋಗ್ತೀನಿ! ಅಲ್ಲಿ ಮೌಸ್ ಆಡಿಸಿದ್ರೆ ಇಲ್ಲಿ ಪರದೆ ಮೇಲೆ ಬಾಣ ಕುಣಿಯತ್ತೆ, ನೋಡ್ತಿರಿ!"

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಟಿದ್ದ ಪುಟ್ಟಿಯ ಅಮ್ಮ ಹೀಗೆ ಘೋಷಿಸಿದಳು. ಮನೆಗಳ ನಕ್ಷೆ ಬರೆಯುವುದು ಅವಳ ಕೆಲಸ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಬರೆದ ಬಂಗಲೆಯೊಂದರ ನಕ್ಷೆ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿತ್ತು. ಗಿರಾಕಿಗಳು ಅದನ್ನು ಒಪ್ಪಿದರೆ ದಿನಾ ಅರ್ಧ ದಿನ ಮನೆಯಿಂದಲೇ ಕೆಲಸ ಮಾಡಲು ಬಾಸ್ ಬಿಡುವವರಿದ್ದರು.

"ಒಂದು ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋಗೇ ಮಹಾರಾಯ್ತಿ," ಎಂದ ಗಂಡ.

"ಪೆನ್‌ಡ್ರೈವಾ? ಇನ್ನೇನು, ಪಾರಿವಾಳದ ಕಾಲಿಗೆ ಕಟ್ಟಿ ಕಳಿಸ್ಲಾ?"

ಕಳ್ಳರು ನುಸುಳದಂತೆ ಕಂಪ್ಯೂಟರಿಗೆ ಕೋಟೆ ಕಟ್ಟುವ ಕೆಲಸ ಶುರುವಾಯಿತು. ಫೈರ್‌ವಾಲ್ ಎದ್ದಿತು. ಪಾಸ್‌ವರ್ಡ್ ಸಾಲದೆಂದು ಡಿಜಿಟಲ್ ಕೀಲಿ ಬಂತು; ಆ ಕೀಲಿಗೂ ಒಂದು ಬೀಗ! ಇಷ್ಟಾದ ಮೇಲೆ ಕಾವಲುಗಾರರು ಬೇಡವೇ? ಅತ್ತೆಯನ್ನು ಕೂರಿಸಿ ಪಾಠ ಮಾಡಿದಳು.

"ಅತ್ತೆ, ಯಾರೂ ಮುಟ್ಟದೆ ಪರದೆ ಮೇಲಿನ ಬಾಣ ತಾನಾಗಿ ಓಡಿದ್ರೆ ಕಳ್ಳ ಒಳಗೆ ಬಂದ ಅಂತ ಅರ್ಥ. ಹಿಂದೆಮುಂದೆ ನೋಡ್ದೆ ವೈರ್ ಕಿತ್ಬಿಡಿ. ಆಮೇಲೆ ಫೋನ್ ಮಾಡಿ 'ನಾನೇ' ಅಂತಾನೆ. ದನಿನೂ ನಂದೇ ಇರತ್ತೆ, ನಂಬರೂ ನಂದೇ ಇರತ್ತೆ. ನಂಬ್ಲೇಬೇಡಿ!"

ಅತ್ತೆ ಸೇನಾಧಿಪತಿಯಂತೆ ತಲೆಯಾಡಿಸಿದರು.

ಮರುದಿನ ಬಾಸ್ ಕೋಣೆಯಲ್ಲಿ ಗಿರಾಕಿ ದಂಪತಿ ಕಾದು ಕೂತಿದ್ದರು. ದೊಡ್ಡ ಪರದೆಯ ಮೇಲೆ ಮನೆಯ ಕಂಪ್ಯೂಟರ್ ಪ್ರತ್ಯಕ್ಷವಾಯಿತು!

"ಭೇಷ್!" ಎಂದರು ಬಾಸ್.

ಬಾಣ ರಾಜಗಾಂಭೀರ್ಯದಿಂದ ಬಂಗಲೆಯ ಹೆಬ್ಬಾಗಿಲು ದಾಟಿ, ನಡುಮನೆ ಹೊಕ್ಕು, ಅಡುಗೆಮನೆಯ ಕಡೆ ತಿರುಗಿತು. ಅಷ್ಟೇ. ಪರದೆ ಕಪ್ಪು!

ಅವಳು ಮನೆಗೆ ಫೋನ್ ಮಾಡಿದಳು. ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿಹೋಯಿತು.

"ಅತ್ತೆ, ಕಂಪ್ಯೂಟರ್ ಏನಾಯ್ತು?"

"ಕಳ್ಳ ಬಂದಿದ್ದ! ಅಡುಗೆಮನೆಗೇ ನುಗ್ತಿದ್ದ! ಕಿತ್ತೆ ನೋಡು ವೈರ್‌ನ!"

"ಅಯ್ಯೋ, ಅದು ನಾನು!"

"ಹೀಗೇ ಅಂತೀಯ ಅಂತ ನನ್ನ ಸೊಸೆ ಮೊದಲೇ ಹೇಳಿದಾಳೆ ಕಣೋ, ಖದೀಮ!"

ಹಿಂದಿನಿಂದ ಪುಟ್ಟಿಯ ಅಳು ಕೇಳಿಸಿತು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ನಂಬಿ!"

"ಸೊಸೆನೇ ಆದ್ರೆ ಮಗೂನ ಮಲಗಿಸೋ ಹಾಡು ಹೇಳು, ನೋಡೋಣ."

ಆ ಹಾಡು ಅವಳೇ ಕಟ್ಟಿದ್ದು, ಮನೆಯಾಚೆ ಯಾರೂ ಕೇಳಿದ್ದಿಲ್ಲ. ಅವಳ ಕೋಟೆಯಲ್ಲೂ ಇಷ್ಟು ಭದ್ರವಾದ ಪಾಸ್‌ವರ್ಡ್ ಇರಲಿಲ್ಲ! ಬಾಸ್ ಮುಂದೆ, ಗಿರಾಕಿಗಳ ಮುಂದೆ, ಕಣ್ಣು ಮುಚ್ಚಿ ಹಾಡಿದಳು:

"ಬೆಕ್ಕು ಮಲಗ್ತು, ಬಕೆಟ್ ಮಲಗ್ತು, ಪುಟ್ಟಿ ಹೊಟ್ಟೆ ಗುಂಡು ಗುಂಡು..."

ಅಳು ನಿಂತಿತು.

"ನೀನೇ ಕಣಮ್ಮ!" ಅತ್ತೆ ಪಿಸುಗುಟ್ಟಿದರು.

"ಹಾಗಾದ್ರೆ ಬೇಗ ವೈರ್ ಹಾಕಿ!"

"ಹೇಗೆ ಏಳಲಿ? ನಿನ್ನ ಹಾಡು ಕೇಳಿ ಪುಟ್ಟಿ ಈಗಷ್ಟೇ ನನ್ನ ತೊಡೆ ಮೇಲೆ ನಿದ್ದೆ ಹೋದ್ಲು. ಫೋನ್ ಇಡು, ನಿನ್ನ ದನಿಗೆ ಎದ್ಬಿಟ್ಟಾಳು!"

ಬಾಸ್ ಸದ್ದಾಗದಂತೆ ಡ್ರಾಯರ್ ಎಳೆದು, ಒಂದು ಪೆನ್‌ಡ್ರೈವ್ ತೆಗೆದು ಅವಳ ಕೈಗಿಟ್ಟರು. ಅವರೂ ಪಿಸುಗುಟ್ಟಿದರು:

"ಅರ್ಧ ದಿನ ಮನೆಯಿಂದ ಕೆಲಸ ಅಂದಿದ್ರಲ್ಲ? ಈಗಲೇ ಹೊರಡಿ. ಇದ್ರಲ್ಲಿ ಹಾಕ್ಕೊಂಡು ಬನ್ನಿ... ಮಗು ಎದ್ದಮೇಲೆ."