ಹುಳದ ಮನೆಯ ಮರ್ಯಾದೆ

ವಯಸ್ಸಾದ ಮೇಲೆ ಸಿಟ್ಟು ತಣ್ಣಗಾಗುತ್ತೆ ಅನ್ನುವವರನ್ನು ನಾನು ಬೇಕಾದಷ್ಟು ನೋಡಿದ್ದೀನಿ. ಅವರೆಲ್ಲ ಗಂಡಸರು. ವಯಸ್ಸಾದ ಗಂಡಸಿಗೆ ಜಗಲಿ ಸಿಗುತ್ತೆ. ಜಗಲಿ ಮೇಲೆ ಗೋಡೆಗೆ ಒರಗಿ ಕೂತು, ಹೊತ್ತಿಗೆ ಸರಿಯಾಗಿ ತಟ್ಟೆ ಬರ್ತಾ ಇದ್ದರೆ ಸಿಟ್ಟು ಎಲ್ಲಿಂದ ಬರಬೇಕು. ನನಗೆ ಸಿಕ್ಕಿದ್ದು ಅಡುಗೆಮನೆ. ಮದುವೆಯಾಗಿ ಬಂದ ದಿನ ಅತ್ತೆ ಅದರೊಳಕ್ಕೆ ಕಳಿಸಿದಳು, ಆಮೇಲೆ ಯಾರೂ ಆಚೆಗೆ ಬಾ ಅಂತ ಕರೆಯಲಿಲ್ಲ. ಹಾಗಾಗಿ ನನ್ನ ಸಿಟ್ಟು ತಣ್ಣಗಾಗಿಲ್ಲ, ಒಲೆ ಪಕ್ಕದಲ್ಲೇ ಇತ್ತಲ್ಲ, ಬಿಸಿಯಾಗೇ ಉಳಕೊಂಡಿದೆ. ಈ ಸಲ ಅದು ಉಕ್ಕಿತು. ಉಕ್ಕಿದ್ದು ಯಾರ ಮೇಲೆ ಬಿತ್ತು ಅನ್ನೋದನ್ನ ಹೇಳ್ತೀನಿ.

ನಮ್ಮೂರು ಜಂಗಮಕೋಟೆ ಪಕ್ಕ. ಹಿಪ್ಪುನೇರಳೆ ಸೊಪ್ಪು ಬೆಳೀತೀವಿ, ರೇಷ್ಮೆ ಹುಳ ಮೇಯಿಸ್ತೀವಿ, ಗೂಡು ತಗೊಂಡು ಶಿಡ್ಲಘಟ್ಟಕ್ಕೆ ಹೋಗ್ತೀವಿ. ನನ್ನ ಮಗ ಮುನಿರಾಜು ಹಿತ್ತಿಲಲ್ಲಿ ಹುಳಕ್ಕೆ ಅಂತಲೇ ಒಂದು ಮನೆ ಕಟ್ಟಿಸಿದ್ದಾನೆ. ನಾವಿರೋ ಮನೆಗಿಂತ ಅದರ ಕಿಟಕಿ ದೊಡ್ಡದು. ನೊಣ ಬರಬಾರದು ಅಂತ ಆ ಕಿಟಕಿಗೆಲ್ಲ ಪರದೆ. ನನ್ನ ಅಡುಗೆಮನೆ ಕಿಟಕಿಯಲ್ಲಿ ಬೆಕ್ಕು ಬರುತ್ತೆ, ಕೇಳೋರಿಲ್ಲ. ಬೇಸಿಗೆಯಲ್ಲಿ ಹುಳಕ್ಕೆ ಸೆಕೆ ಆಗುತ್ತೆ ಅಂತ ಗೋಣಿಚೀಲ ನೆನೆಸಿ ಕಟ್ತಾನೆ. ಇತ್ತ ಒಲೆ ಮುಂದೆ ನಾನು ಬೆವರಲ್ಲಿ ಮಿಂದುಕೊಂಡು ಮುದ್ದೆ ತಿರುವ್ತಾ ಇರ್ತೀನಿ, ನನಗೆ ಅಂತ ಯಾರೂ ಒಂದು ಗೋಣಿಚೀಲ ನೆನೆಸಿಲ್ಲ. ಗೂಡು ಬಿಡಿಸಿ ಹುಳದ ಒಂದು ಬೆಳೆ ಮುಗೀತು ಅಂದರೆ ಆ ಮನೆಯನ್ನ ಸೂರಿಂದ ನೆಲದ ತನಕ ತೊಳೀತಾರೆ. ಬ್ಲೀಚಿಂಗ್ ಪೌಡರು, ಸುಣ್ಣ ಕಲಸಿ ಮೂಲೆಮೂಲೆಗೆ ಹೊಡೀತಾರೆ. ಹುಳ ಗೂಡು ಕಟ್ಟೋ ಚಂದ್ರಿಕೆಗಳನ್ನ ಬಿಸಿಲಿಗೆ ಹಾಕ್ತಾರೆ. ಇದೆಲ್ಲ ಗಂಡಸರೇ ಮಾಡ್ತಾರೆ. ತಿಂದ ತಟ್ಟೆ ಎತ್ತಿಡೋಕೆ ಸೊಂಟ ಬಗ್ಗದವರಿಗೆ ಅಲ್ಲಿ ಹೇಗೆ ಬಗ್ಗುತ್ತೋ ದೇವರಿಗೇ ಗೊತ್ತು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟಿರ್ತಾನೆ, ಕಾಲು ಅದ್ದದೆ ಒಳಗೆ ಹೋಗೋ ಹಾಗಿಲ್ಲ. ಊದುಬತ್ತಿ ಹಚ್ಚೋ ಹಾಗಿಲ್ಲ. ಹೊಗೆಸೊಪ್ಪು ಹಾಕಿದ ಬಾಯಲ್ಲಿ ಅತ್ತ ಸುಳಿಯೋ ಹಾಗೇ ಇಲ್ಲ, ಅದರ ಗಾಳಿ ತಾಕಿದರೂ ಹುಳ ಉಳಿಯಲ್ಲ ಅಂತಾರೆ. ನನ್ನ ಬಾಯಲ್ಲಿ ಯಾವಾಗಲೂ ಎಲೆಅಡಿಕೆ ಹೊಗೆಸೊಪ್ಪು ಇರುತ್ತೆ. ಹಾಗಾಗಿ ಆ ಮನೆ ಹೊಸ್ತಿಲು ನಾನು ದಾಟಿಲ್ಲ. ಅದಕ್ಕೆ ನನಗೇನೂ ಬೇಜಾರಿಲ್ಲ. ಅದು ಹುಳದ ಮನೆ, ಇದು ನನ್ನ ಮನೆ.

ಹುಳ ದೊಡ್ಡದಾಗಿ ಕೊನೇ ಮೇವಿಗೆ ಬಂದಾಗ ಅದರ ಹೊಟ್ಟೆಗೆ ಎಷ್ಟು ಹಾಕಿದರೂ ಸಾಲಲ್ಲ. ಎಲ್ಲರೂ ಸೊಪ್ಪು ಕೊಯ್ಯೋದು, ಹೊರೋದು, ಹಾಕೋದು. ಹುಳ ಹೊತ್ತುಹೊತ್ತಿಗೆ ತಿನ್ನುತ್ತೆ, ನಾವು ನಿಂತುಕೊಂಡು ತಿನ್ತೀವಿ. ಅದಕ್ಕೇ ನನ್ನ ಸೊಸೆ ಸುಜಾತ ಫೋನಲ್ಲಿ ನೋಡಿ ಒಂದು ಸ್ಲೋ ಕುಕ್ಕರ್ ತರಿಸಿಕೊಂಡಳು. ಒಳಗೆ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಹುರುಳಿಕಾಳು, ಬದನೆಕಾಯಿ, ಖಾರ ಎಲ್ಲ ಹಾಕಿ ಪ್ಲಗ್ ಚುಚ್ಚಿ ತೋಟಕ್ಕೆ ಹೋಗ್ತಾಳೆ. ಮಧ್ಯಾಹ್ನ ಬಂದರೆ ಸಾರು ಆಗಿರುತ್ತೆ, ಕರೆಂಟು ಹೋಗಿಲ್ಲ ಅಂದರೆ. ಆ ಪಾತ್ರೆ ಕೂಗಲ್ಲ, ಉಕ್ಕಲ್ಲ, ಸೀಯಲ್ಲ. ಬೆಂದಿದೆಯೋ ಸತ್ತಿದೆಯೋ ತಿಳಿಯಲ್ಲ. ಸುಜಾತನೂ ಹಾಗೇ, ಕೂಗಿದ್ದು ನಾನು ಕೇಳಿಲ್ಲ. ಇಬ್ಬರೂ ಒಳಗೊಳಗೇ ಬೇಯ್ತಾರೆ. ಅದರ ಜೊತೆಗೆ, ಹುಳ ಇರೋ ತನಕ ಒಗ್ಗರಣೆ ಘಾಟು ಬೇಡ ಅಂತ ಮುನಿರಾಜು ಕಟ್ಟಪ್ಪಣೆ. "ಒಗ್ಗರಣೆ ಇಲ್ಲದೆ ಅದೇನು ಸಾರೇ" ಅಂದೆ. "ಮೇಲೆ ಒಂಚೂರು ತುಪ್ಪ ಹಾಕ್ಕಳಿ ಅತ್ತೆ" ಅಂದಳು. ತುಪ್ಪ ಹಾಕೋದಾದರೆ ಬಚ್ಚಲ ನೀರಿಗೂ ಹಾಕ್ಕೊಂಡು ಕುಡೀಬಹುದು. ನನ್ನ ಅತ್ತೆ ರಾತ್ರಿ ಹೊತ್ತು ಮಡಕೆಯಲ್ಲಿ ಕಾಳು ಹಾಕಿ ಬೂದಿ ಕೆಂಡದ ಮೇಲೆ ಬಿಟ್ಟು ಮಲಗ್ತಿದ್ದಳು, ಬೆಳಿಗ್ಗೆಗೆ ಬೆಣ್ಣೆ ಹಾಗೆ ಬೆಂದಿರ್ತಿತ್ತು. "ಅದೂ ಇದೂ ಒಂದೇ ಅಲ್ವಾಮ್ಮ" ಅಂದ ಮುನಿರಾಜು. ಒಂದೇ ಅಲ್ಲ. ಅದನ್ನ ಇಟ್ಟವಳು ನನ್ನ ಅತ್ತೆ, ಇದನ್ನ ಇಟ್ಟವಳು ನನ್ನ ಸೊಸೆ.

ಈ ಗಲಾಟೆಯಲ್ಲಿ ಅಡುಗೆಮನೆ ನೋಡೋರಿಲ್ಲದೆ ಕೆಟ್ಟು ಹೋಗಿತ್ತು. ಎಣ್ಣೆ ಡಬ್ಬ ಹಿಡಿದರೆ ಅದು ಕೈ ಬಿಡ್ತಿರಲಿಲ್ಲ. ಬೆಲ್ಲದ ಡಬ್ಬದಲ್ಲಿ ಬೆಲ್ಲಕ್ಕಿಂತ ಇರುವೆ ಜಾಸ್ತಿ. ಒಲೆ ಹಿಂದಿನ ಗೋಡೆ ನೋಡಿದರೆ ಯಾವ ಹಬ್ಬಕ್ಕೆ ಏನು ಕರಿದಿದ್ವಿ ಅಂತ ಹೇಳಬಹುದಿತ್ತು. ನನಗೆ ಮಂಡಿ ಹಿಡಕೊಂಡಿದೆ, ಸ್ಟೂಲ್ ಹತ್ತಿ ಅಟ್ಟಕ್ಕೆ ಕೈ ಹಾಕೋಕಾಗಲ್ಲ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ಹಾಕಿ ಬಂದ ಮಾರನೇ ದಿನವೇ ನನ್ನ ತಂಗಿ ರಾಮಕ್ಕ ಚಿಂತಾಮಣಿಯಿಂದ ಫೋನ್ ಮಾಡಿದಳು, ಗುರುವಾರ ಬರ್ತೀನಿ, ನಾಟಿಕೋಳಿ ಸಾರು ಮಾಡ್ಸು ಅಂತ. ರಾಮಕ್ಕ ಎಂಥವಳು ಅಂದರೆ, ಯಾರ ಮನೆಗೆ ಹೋದರೂ ಕಪಾಟಿನ ಮೇಲೆ ಒಂದು ಬೆರಳು ಎಳೀತಾಳೆ. ಆ ಬೆರಳನ್ನ ಬೆಳಕಿಗೆ ಹಿಡಿದು ನೋಡ್ತಾಳೆ. ಆಮೇಲೆ ಏನೂ ಅನ್ನದೆ ಸೆರಗಿಗೆ ಒರೆಸ್ಕೊಳ್ತಾಳೆ. ಬಾಯಿಬಿಟ್ಟು ಬೈದರೆ ತಿರುಗಿ ಬೈಬಹುದು, ಬೆರಳಿಗೆ ಏನಂತ ಬೈಯೋದು. ಫೋನ್ ಇಟ್ಟು ಹಿತ್ತಿಲಿಗೆ ಬಂದರೆ ಮುನಿರಾಜು ಹುಳದ ಮನೆಯನ್ನ ತೊಳೀತಾ ಇದಾನೆ. ಹುಳವೇ ಇಲ್ಲ, ಖಾಲಿ ಮನೆ, ಅದಕ್ಕೆ ಪೈಪ್ ಹಿಡಿದು ಮಜ್ಜನ. ನನಗೆ ಉರಿ ಹತ್ತಿತು.

"ಲೋ ಮುನಿರಾಜು, ಕೇಳಿಸ್ಕೋ" ಅಂದೆ. "ಈ ಮನೆಗೆ ಏನೇನು ಮರ್ಯಾದೆ ಐತೋ, ಅಷ್ಟೂ ನನ್ನ ಅಡುಗೆಮನೆಗೆ ಬೇಕು. ಒಂದೂ ಬಿಡಂಗಿಲ್ಲ. ಅಲ್ಲಿ ತನಕ ನಾನು ಒಲೆ ಮುಂದೆ ನಿಲ್ಲಲ್ಲ, ಮುದ್ದೆನೂ ತಿರುವಲ್ಲ. ನಿಮ್ಮ ಕುಕ್ಕರ್ ತಿರುವುತ್ತೇನೋ ನೋಡ್ಕೊಳ್ಳಿ." ಮುದ್ದೆ ವಿಷಯ ಬೇಕು ಅಂತಲೇ ತೆಗೆದೆ. ಸುಜಾತ ಮಾಡಿದರೆ ಗಂಟಾಗುತ್ತೆ. ನಮ್ಮ ಮನೆಯಲ್ಲಿ ನನ್ನ ಹಿಡಿತ ಇದ್ದದ್ದು ಆ ಮುದ್ದೆಕೋಲಲ್ಲೇ, ಅದು ನನಗೂ ಗೊತ್ತು, ಅವರಿಗೂ ಗೊತ್ತು. ಮುನಿರಾಜು ನಲ್ಲಿ ನಿಲ್ಲಿಸಿ ಅಲ್ಲೇ ಇದ್ದ ಹೆಂಡತಿ ಮುಖ ನೋಡಿದ. ಅವಳು, "ಅತ್ತೆ ಹೇಳೋದು ಸರಿನೇ ಅಲ್ವಾ" ಅಂದಳು. ಅಷ್ಟು ಬೇಗ ಒಪ್ಪಿಕೊಂಡಾಗಲೇ ನನಗೆ ಅನುಮಾನ ಬರಬೇಕಿತ್ತು.

ಬುಧವಾರ ಬೆಳಿಗ್ಗೆ ಅಡುಗೆಮನೆಯದ್ದೆಲ್ಲ ತಂದು ಅಂಗಳಕ್ಕೆ ಹಾಕಿದರು. ಅಡುಗೆಮನೆ ಒಳಗಿರುವಾಗ ಅದು ಅಡುಗೆಮನೆ, ಅಂಗಳಕ್ಕೆ ಬಂದರೆ ಮಾನ ಹರಾಜು. ತಳ ಸೀದ ಪಾತ್ರೆ, ಮುಚ್ಚಳ ಇಲ್ಲದ ಡಬ್ಬ, ಡಬ್ಬ ಇಲ್ಲದ ಮುಚ್ಚಳ, ನನ್ನ ಗಂಡ ಬದುಕಿದ್ದಾಗ ಕಳೆದುಹೋಗಿದ್ದ ಸೌಟು. ಅದನ್ನ ಎತ್ತಿಕೊಂಡು ಹೋದವಳು ಓರಗಿತ್ತಿನೇ ಅಂತ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ದಾರಿಯಲ್ಲಿ ಹೋಗ್ತಿದ್ದ ಎದುರುಮನೆ ಯಂಗಟಮ್ಮ ನಿಂತು, "ಏಮಕ್ಕಾ, ಇಲ್ಲು ಖಾಳಿ ಚೇಸ್ತುನ್ನಾರಾ" ಅಂತ ತೆಲುಗಲ್ಲಿ ಕೇಳಿದಳು. ಮನೆ ಖಾಲಿ ಮಾಡ್ತಿಲ್ಲ, ನಿನ್ನ ಕೆಲಸ ನೋಡ್ಕೊಂಡು ಹೋಗು ಅಂದೆ. ಒಳಗೆ ಮುನಿರಾಜು ಬೆನ್ನಿಗೆ ಔಷಧಿ ಹೊಡೆಯೋ ಕ್ಯಾನು ಕಟ್ಟಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹುಳದ ಮನೆಗೆ ಹೊಡೆದ ಹಾಗೇ ಹೊಡೆದ. ಸುಜಾತ ಗೋಡೆ ಉಜ್ಜಿದಳು. ಜಿಡ್ಡೆಲ್ಲ ಇಳಿದ ಮೇಲೆ ಗೋಡೆ ಹಸಿರು ಬಣ್ಣದ್ದು ಅಂತ ಗೊತ್ತಾಯಿತು. ನಾನು ಜಗಲಿ ಮೇಲೆ ಕೂತು ಅದು ಹಾಗಲ್ಲ, ಇದು ಹೀಗಲ್ಲ ಅಂತ ಬೈತಾ ಇದ್ದೆ. ಸತ್ಯ ಹೇಳಬೇಕು ಅಂದರೆ, ಅಷ್ಟು ಸುಖವಾಗಿ ಬೈದು ಬಹಳ ದಿನ ಆಗಿತ್ತು.

ಗುರುವಾರ ಬೆಳಿಗ್ಗೆ ಕೋಳಿ ಕೊಯ್ದು ಸ್ಲೋ ಕುಕ್ಕರಿಗೆ ಹಾಕಿದ್ದರು. ಮುದ್ದೆಗೆ ಎಸರಿಡೋಣ ಅಂತ ನಾನು ಸೆರಗು ಕಟ್ಟಿಕೊಂಡು ಹೋದೆ. ಅಡುಗೆಮನೆ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇತ್ತು. ಮುನಿರಾಜು ಪಕ್ಕದಲ್ಲೇ ನಿಂತಿದ್ದ. "ಅಮ್ಮ, ಕಾಲು" ಅಂದ. ಪರವಾಗಿಲ್ಲ, ಹೇಳಿದ್ದು ಹೇಳಿದ ಹಾಗೇ ಮಾಡಿದಾನೆ ಅಂತ ಖುಷಿಯಿಂದಲೇ ಕಾಲು ಅದ್ದಿದೆ. ಇನ್ನೊಂದು ಹೆಜ್ಜೆ ಇಡೋಷ್ಟರಲ್ಲಿ, "ಅಮ್ಮ, ಬಾಯಿ" ಅಂದ.

"ಬಾಯಿಗೇನಾಗೈತೋ?"

"ಹೊಗೆಸೊಪ್ಪು ಐತಲ್ಲ. ಆ ಮನೆಗೆ ಹೊಗೆಸೊಪ್ಪು ಹಾಕ್ಕೊಂಡು ಬಿಡ್ತೀವಾ?"

"ಇಲ್ಲಿ ಯಾವ ಹುಳ ಸಾಯುತ್ತೋ ನನ್ನ ಗಾಳಿಗೆ?"

"ನೀನೇ ಹೇಳಿದ್ದಲ್ಲಮ್ಮ, ಆ ಮನೆ ಮರ್ಯಾದೆ ಒಂದೂ ಬಿಡಂಗಿಲ್ಲ ಅಂತ."

ನಾನು ಸುಜಾತನ ಕಡೆ ನೋಡಿದೆ. ಅವಳು ಕುಕ್ಕರ್ ಮುಚ್ಚಳ ಒರೆಸ್ತಾ ಇದ್ದಳು. ಒರೆಸಿದ್ದನ್ನೇ ಒರೆಸ್ತಾ ತಲೆ ಎತ್ತದೆ ಅಂದಳು, "ಮುದ್ದೆ ತಿರುವೋವಾಗ ಬಾಯಲ್ಲಿ ಇಟ್ಕೊಂಡೇ ಮಾತಾಡ್ತೀರಲ್ಲ ಅತ್ತೆ. ನಾನು ಬಂದಾಗಿಂದ ನೋಡ್ತಿದೀನಿ." ಇಷ್ಟೇ. ಬಂದಾಗಿಂದ ಅಂದರೆ ಅವಳ ಮಗಳು ಈಗ ಕಾಲೇಜಿಗೆ ಹೋಗ್ತಾಳೆ. ಅಷ್ಟು ವರ್ಷ ಸಣ್ಣ ಉರಿಯಲ್ಲಿ ಬೇಯಿಸಿ ಇವತ್ತು ಮುಚ್ಚಳ ತೆಗೆದಿದಾಳೆ. ಉಗಿದು ಬಾಯಿ ತೊಳ್ಕೊಂಡು ಬಂದಿದ್ದರೆ ಮುಗೀತಿತ್ತು. ಆದರೆ ಮಗ ಹೇಳಿದ ಅಂತ ಉಗಿಯೋಕೆ ನಾನೇನು ಅವನ ಹೆಂಡತಿಯಾ. "ನಾನಿಲ್ಲದೆ ಮುದ್ದೆ ಯಾರು ಮಾಡ್ತಾರೋ ಮಾಡ್ಕೊಳ್ಳಿ" ಅಂತ ಜಗಲಿಗೆ ಬಂದು ಕೂತೆ. ಕರೀತಾರೆ, ಗಂಟಿನ ಮುದ್ದೆಯನ್ನ ರಾಮಕ್ಕನ ಮುಂದೆ ಇಡೋ ಧೈರ್ಯ ಅವರಿಗಿಲ್ಲ ಅಂತ ನನಗೆ ನಂಬಿಕೆ.

ಮಧ್ಯಾಹ್ನದ ಬಸ್ಸಿಗೆ ರಾಮಕ್ಕ ಬಂದಳು. ನನ್ನ ನೋಡಿ, "ಯಾಕಕ್ಕ, ಹೊರಗೆ ಕೂತಿದೀಯ" ಅಂದಳು. ಗಾಳಿಗೆ ಅಂದೆ. ಅವಳಿಗೆ ಎಲೆಅಡಿಕೆ ಅಭ್ಯಾಸ ಇಲ್ಲ. ತಟ್ಟೆಯಲ್ಲಿ ಕಾಲು ಅದ್ದಿ ಮಹಾರಾಣಿ ಹಾಗೆ ನನ್ನ ಅಡುಗೆಮನೆ ಒಳಕ್ಕೆ ಹೋದಳು. ನಾನು ಬಾಗಿಲಿಂದ ಬಗ್ಗಿ ನೋಡಿದೆ. ಕಪಾಟಿನ ಮೇಲೆ ಬೆರಳು ಎಳೆದಳು. ಬೆಳಕಿಗೆ ಹಿಡಿದಳು. ತಿರುಗಿಸಿ ಇನ್ನೊಂದು ಸಲ ನೋಡಿದಳು. "ಚೆನ್ನಾಗಿ ಇಟ್ಕೊಂಡಿದೀಯ ಕಣಮ್ಮ ಸುಜಾತ" ಅಂದಳು. ಹಟ ಹಿಡಿದವಳು ನಾನು, ಬಾಯಿ ನೋಯೋ ತನಕ ಬೈದವಳು ನಾನು, ಹೊಗಳಿಕೆ ಸುಜಾತನಿಗೆ. ಸ್ವಲ್ಪ ಹೊತ್ತಿಗೆ ಒಗ್ಗರಣೆ ಚಟಪಟ ಅಂದಿತು, ಘಾಟು ಜಗಲಿ ತನಕ ಬಂತು. ಹುಳ ಇಲ್ಲದ ದಿನ ಒಗ್ಗರಣೆಗೆ ಬಿಡುಗಡೆ, ನನಗೆ ಮಾತ್ರ ಇಲ್ಲ. ಅದರ ಹಿಂದೆಯೇ ಇನ್ನೊಂದು ಸದ್ದು ಬಂತು. ಪಾತ್ರೆಯಲ್ಲಿ ಮುದ್ದೆಕೋಲು ತಿರುಗೋ ಸದ್ದು. ಸುಜಾತನ ಕೈ ಅಲ್ಲ ಅದು, ಅವಳದ್ದು ಅಂಜಿ ಅಂಜಿ ತಿರುಗುತ್ತೆ. ಇದು ನಮ್ಮಮ್ಮನ ಹತ್ತಿರ ನಾನೂ ರಾಮಕ್ಕನೂ ಒಟ್ಟಿಗೆ ಕಲಿತ ಕೈ.

ಗೋಡೆಗೆ ಒರಗಿ ಕೂತಿದ್ದೆ, ಹೊತ್ತಿಗೆ ಸರಿಯಾಗಿ ತಟ್ಟೆ ಬಂತು. ಸಿಟ್ಟು ಮಾತ್ರ ಹೋಗಲಿಲ್ಲ. ಗಂಡಸರಿಗೆ ಜಗಲಿ ಮೇಲೆ ಅದು ಹೇಗೆ ಹೋಗುತ್ತೋ ನನಗೆ ತಿಳಿಯದು. ಬಾಯಲ್ಲಿದ್ದದ್ದನ್ನ ಉಗಿದು, ಬಾಯಿ ಮುಕ್ಕಳಿಸಿ ಮುದ್ದೆ ಮುರಿದೆ. ಒಂದು ಗಂಟು ಸಿಗಲಿ ಅಂತ ಬೆರಳಲ್ಲಿ ಹುಡುಕಿದೆ, ಸಿಗಲಿಲ್ಲ. ಕೋಳಿ ಮೂಳೆ ಬಿಟ್ಟುಕೊಳ್ಳೋಷ್ಟು ಬೆಂದಿತ್ತು. ಒಳಗಿಂದ ರಾಮಕ್ಕ, "ಅಕ್ಕ, ಈ ಪಾತ್ರೆ ನನಗೂ ಒಂದು ತರಿಸ್ಕೊಡಕ್ಕೆ ಹೇಳೇ" ಅಂತ ಕೂಗಿದಳು. ನಾನು ಕೇಳಿಸದವಳ ಹಾಗೆ ಇನ್ನೊಂದು ಸಲ ಸಾರು ಹಾಕಿಸ್ಕೊಂಡೆ. ಸಾರು ಬಡಿಸೋಕೆ ಬಂದ ಸುಜಾತ ಅಲ್ಲೇ ನಿಂತಳು. "ಹೆಂಗೂ ಬಾಯಿ ತೊಳ್ಕೊಂಡಿದೀರಲ್ಲ ಅತ್ತೆ. ಊಟ ಆದ್ಮೇಲೆ ಒಳಕ್ಕೆ ಬನ್ನಿ, ಚಿಕ್ಕತ್ತೆ ಒಬ್ಬರೇ ಕೂತವ್ರೆ" ಅಂದಳು. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೋಗೋದು ಅಂತಲೇ ತೀರ್ಮಾನ ಮಾಡಿದೆ. ನನ್ನ ಅಡುಗೆಮನೆ, ಯಾರಪ್ಪನ ಅಪ್ಪಣೆ ಬೇಕು. ಕೈ ತೊಳೆದೆ, ಬಾಯಿ ಇನ್ನೊಂದು ಸಲ ಮುಕ್ಕಳಿಸಿದೆ, ಹೊಸ್ತಿಲ ತನಕ ಬಂದು ಒಂದು ಕಾಲು ತಟ್ಟೆಯೊಳಗೂ ಇಟ್ಟೆ. ಒದ್ದೆ ಕೈ ಒರೆಸಿಕೊಳ್ಳೋಣ ಅಂತ ಮಡಿಲಿಗೆ ಕೈ ಹಾಕಿದರೆ ಎಲೆಅಡಿಕೆ ಸಂಚಿ ಸಿಕ್ಕಿತು. ಹೊಟ್ಟೆ ತುಂಬ ಊಟ ಆಗಿತ್ತು, ಕೋಳಿ ಸಾರು ಬೇರೆ, ಮೇಲೆ ಎಲೆಅಡಿಕೆ ಬೀಳದಿದ್ದರೆ ನನಗೆ ಆಗಲ್ಲ. ಒಳಗೆ ರಾಮಕ್ಕ, ಸುಜಾತ ಇಬ್ಬರೂ ನಿನ್ನೆ ಸಿಕ್ಕಿದ ಸೌಟಿನ ವಿಷಯ ಹೇಳ್ಕೊಂಡು ನಗ್ತಾ ಇದ್ದರು. ಒಂದು ಕಾಲು ತಟ್ಟೆಯಲ್ಲಿ, ಒಂದು ಕಾಲು ಹೊರಗೆ, ಹಾಗೇ ನಿಂತಿದ್ದೆ. ಆಮೇಲೆ ಕಾಲು ಒರೆಸ್ಕೊಂಡು ಜಗಲಿಗೆ ವಾಪಸ್ಸು ಬಂದು, ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿದೆ. ಬ್ಲೀಚಿಂಗ್ ನೀರಿಗೆ ಅದ್ದಿದ ಕಾಲಲ್ಲಿ ಉರಿ ಇನ್ನೂ ಇದೆ.