ಸ್ಟೆತೋಸ್ಕೋಪ್ ಕೊನೆಗೆ

ಆ ಭಾನುವಾರ ಮಧ್ಯಾಹ್ನ ಹೊಳೆನರಸೀಪುರದ ನನ್ನ ಕ್ಲಿನಿಕ್ಕಿನಲ್ಲಿ ನಾವು ನಾಲ್ವರಿದ್ದೆವು. ಅಲಾರಾಂ ಗಡಿಯಾರ ಹಿಡಿದು ಕುರ್ಚಿಯಲ್ಲಿ ಕೂತಿದ್ದವಳು ನನ್ನ ಹೆಂಡತಿ ಶಾರದೆ, ಹೈಸ್ಕೂಲಿನ ಗಣಿತದ ಮೇಡಂ. ಬಾಗಿಲಿಗೆ ಒರಗಿದ್ದವನು ಕಾಂಪೌಂಡರ್ ರಂಗಸ್ವಾಮಿ. ಮಂಚದ ಮೇಲೆ ಹಳೇಕೋಟೆಯ ಪುಟ್ಟಮ್ಮ. ಪಕ್ಕದಲ್ಲಿ ಬೆವರುತ್ತ ನಿಂತಿದ್ದವನು ನಾನು. ಹೃದಯದ ಕವಾಟ ಕಿರಿದಾಗಿದ್ದ ಪುಟ್ಟಮ್ಮ ತಿಂಗಳಿಗೊಮ್ಮೆ ಗುಳಿಗೆಗೆ ಬರುತ್ತಿದ್ದಳು. ‘ಸ್ವಲ್ಪ ಹೊತ್ತು ಮಲಗಮ್ಮ, ನನಗೆ ಪರೀಕ್ಷೆ ಇದೆ’ ಎಂದು ಬೇಡಿಕೊಂಡು ಮಲಗಿಸಿದ್ದೆ.

ಈ ಪರೀಕ್ಷೆಯ ವಿಚಾರ ಹೇಳಿಕೊಳ್ಳಲು ನನಗೆ ಇವತ್ತಿಗೂ ಸ್ವಲ್ಪ ನಾಚಿಕೆಯೇ. ಮೈಸೂರಿನಲ್ಲಿ ಮೂರು ವರ್ಷ ತರಬೇತಿ ಪಡೆದು, ಎಂ.ಡಿ.ಗೆ ಸಮ ಎನ್ನಿಸಿಕೊಂಡಿದ್ದ ಪರೀಕ್ಷೆಗೆ ಕಟ್ಟಿದ್ದೆ. ಲಿಖಿತ ಒಂದೇ ಏಟಿಗೆ ಪಾಸಾಯಿತು. ಪರೀಕ್ಷಕರ ಕಣ್ಣೆದುರು ರೋಗಿಯನ್ನು ನೋಡಿ ಕಾಯಿಲೆ ಹೇಳುವ ಪ್ರಾಯೋಗಿಕದಲ್ಲಿ ಮಾತ್ರ ಎರಡು ಸಲ ಡುಮ್ಕಿ. ಮೂರನೆಯದೂ ಹೋದರೆ ಲಿಖಿತವನ್ನೂ ಮತ್ತೆ ಮೊದಲಿನಿಂದ ಬರೆಯಬೇಕು. ಎಡವಿದ ಕಲ್ಲನ್ನೇ ಮತ್ತೆ ಎಡವುವವನಿಗೆ ಕಲ್ಲು ಏನು ತಾನೇ ಮಾಡೀತು ಎಂದು ನಮ್ಮಜ್ಜಿ ಹೇಳುತ್ತಿದ್ದರು. ನನ್ನ ಕಲ್ಲು ನನ್ನ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

ನಮ್ಮ ಕಡೆ ರೋಗಿ ಕೂತ ತಕ್ಷಣ ಎದೆಗೆ ಸ್ಟೆತೋಸ್ಕೋಪ್ ಇಡಬೇಕು. ಕಾಲಿನ ಮುಳ್ಳು ತೆಗೆಸಲು ಬಂದವನಿಗೂ ಇಡಬೇಕು. ಇಡದೆ ಉಗುರು, ನಾಲಿಗೆ ಎಂದು ನೋಡುತ್ತ ಕೂತರೆ, ಈ ಡಾಕ್ಟ್ರಿಗೆ ಏನೂ ತಿಳಿಯಲಿಲ್ಲ ಎಂದು ಎದ್ದು ಎದುರಿನ ಕ್ಲಿನಿಕ್ಕಿಗೆ ಹೋಗುತ್ತಾರೆ. ಪರೀಕ್ಷೆಯಲ್ಲೋ ತದ್ವಿರುದ್ಧ. ದೂರದಿಂದ ನೋಡು, ಕೈ ನೋಡು, ನಾಡಿ ಹಿಡಿ, ಕುತ್ತಿಗೆ ನೋಡು, ಎದೆ ಮುಟ್ಟು; ಸ್ಟೆತೋಸ್ಕೋಪ್ ಕಟ್ಟಕಡೆಗೆ. ಇದನ್ನು ನಿದ್ದೆಯಲ್ಲಿ ಕೇಳಿದರೂ ಒಪ್ಪಿಸುತ್ತಿದ್ದೆ. ಆದರೆ ಮಂಚದಲ್ಲಿ ರೋಗಿ ಕಂಡರೆ ಕೈ ತಾನಾಗಿ ನನ್ನ ಕುತ್ತಿಗೆಯ ಸ್ಟೆತೋಸ್ಕೋಪಿಗೆ ಹೋಗುತ್ತಿತ್ತು.

ಅವತ್ತೂ ಹೋಯಿತು. ಪುಟ್ಟಮ್ಮ ನನ್ನ ಮುಂಗೈ ಮೇಲೆ ಪಟ್ಟನೆ ಒಂದು ಕೊಟ್ಟಳು.

“ಅದ್ನ ತಗ್ದು ಆ ಕಡೀಕೆ ಮಡಗು ಕಣಪ್ಪ. ಮೈಸೂರಾಸ್ಪತ್ರೇಲಿ ಪರೀಕ್ಸೆಗೆ ಅಂತ ನನ್ನೇ ಮನಗಿಸ್ತಿದ್ರು, ಆರು ವರ್ಸ. ಇದ್ನ ಮೊದ್ಲು ಮಡಗ್ದ ಐಕ್ಳೆಲ್ಲ ಪೇಲು. ಕಣ್ಣಾರೆ ನೋಡಿವ್ನಿ.”

“ಆರು ವರ್ಷವೇ?” ಎಂದಳು ಶಾರದೆ, ಗಡಿಯಾರ ಪಕ್ಕಕ್ಕಿಟ್ಟು.

“ಊಂ ಕಣವ್ವ. ಬನ್ನು, ಹಾಲು ಕೊಡೋರು. ನನ್ನ ಎದೆ ಸದ್ದು ಬಲು ಚೆಂದಾಗದಂತೆ. ಲೇ ರಂಗಾ, ಆ ಗೊಳವೆ ನಿನ್ ತಾವ ಇಟ್ಕೊ. ನಾನು ಯೋಳೋಗಂಟ ಕೊಡಬ್ಯಾಡ.”

ರಂಗಸ್ವಾಮಿ ನನ್ನ ಮುಖವನ್ನೂ ನೋಡದೆ ಬಂದು ಸ್ಟೆತೋಸ್ಕೋಪ್ ಬಿಚ್ಚಿಕೊಂಡು ಹೋದ. ಹತ್ತು ವರ್ಷದಿಂದ ಸಂಬಳ ಕೊಡುತ್ತಿದ್ದವನು ನಾನು.

ಅಲ್ಲಿಂದ ಎರಡು ತಿಂಗಳು ಪ್ರತಿ ಭಾನುವಾರ ಪಾಠ. “ಉಗುರು ನೋಡ್ದೆ ನಾಡಿಗೋಗ್ಬುಟ್ಯಲ್ಲ”, “ತಣ್ಣನೆ ಕೈಲಿ ಮುಟ್ಟಬ್ಯಾಡ, ಉಜ್ಕೊ”, “ಎಡಮಗ್ಗುಲಿಗೆ ಒಳ್ಳು ಅಂತ ನೀನ್ ಯೋಳಿದ್ರೆ ತಾನೆ ನಾನ್ ಒಳ್ಳೋದು?” ಶಾರದೆ ಹತ್ತಕ್ಕೆ ಮೂರು, ನಾಲ್ಕು ಎಂದು ಅಂಕ ಕೊಡುತ್ತಿದ್ದಳು. ಪುಟ್ಟಮ್ಮ ಅದಕ್ಕೂ ಒಪ್ಪದೆ ಒಂದು ಕಳೆಸುತ್ತಿದ್ದಳು. ಅಭ್ಯಾಸ ಬಲಿಯಲೆಂದು ವಾರದ ದಿನಗಳಲ್ಲೂ ಅದೇ ಕ್ರಮ ಹಿಡಿದೆ. ಸಾಲಗಾಮೆಯಿಂದ ಬಂದಿದ್ದ ರೈತನೊಬ್ಬ ಐದು ನಿಮಿಷ ತಾಳಿಕೊಂಡು ರಂಗಸ್ವಾಮಿಯನ್ನು ಕೇಳಿದ: “ನಂಗೆ ಕೆಮ್ಮು ಕಣಣ್ಣ. ಡಾಕ್ಟ್ರು ಹೆಣ್ಣು ನೋಡೋಕ್ ಬಂದಂಗೆ ಕೈ ಕಾಲು ನೋಡ್ತಾ ಕುಂತವ್ರಲ್ಲ, ಯಾಕೆ?” ಎದುರಿನ ಕ್ಲಿನಿಕ್ಕಿನವರು ಹೊಸದಾಗಿ ಎರಡು ಬೆಂಚು ಹಾಕಿಸಿದರು.

ಪರೀಕ್ಷೆ ಬೆಂಗಳೂರಿನಲ್ಲಿ. ಪರದೆ ಸರಿಸಿದರೆ ಮಂಚದ ಮೇಲೆ ಇಪ್ಪತ್ತೈದರ ಒಬ್ಬ ಹೆಣ್ಣುಮಗಳು, ಪಕ್ಕದಲ್ಲಿ ಇಬ್ಬರು ಪರೀಕ್ಷಕರು. ನನ್ನ ಕೈ ಮೇಲಕ್ಕೆ ಹೊರಟಿತು. ಎದೆಯವರೆಗೆ ಬಂದಾಗ ಮುಂಗೈ ಚುರುಗುಟ್ಟಿತು, ಸುಳ್ಳಲ್ಲ. ಹಾಗೇ ಇಳಿಸಿ ಅಂಗೈಗಳನ್ನು ಉಜ್ಜಿಕೊಂಡೆ. ಉಗುರು, ನಾಡಿ, ಕುತ್ತಿಗೆ, ಎದೆ. ಆಮೇಲೆ, ‘ಎಡಮಗ್ಗುಲಿಗೆ ತಿರುಗಮ್ಮ, ಉಸಿರು ಬಿಟ್ಟು ಹಿಡಿದುಕೊ’ ಎಂದು ಹೇಳಿ, ಕೊನೆಗೆ ಸ್ಟೆತೋಸ್ಕೋಪ್ ಇಟ್ಟೆ. ದೂರದಲ್ಲಿ ಗುಡುಗು ಉರುಳಿದಂತೆ ಅದೇ ಸದ್ದು. ಎಂಟು ಭಾನುವಾರ ಕೇಳಿದ ಹಳೇಕೋಟೆಯ ಸದ್ದು. ಕಾಯಿಲೆಯ ಹೆಸರು ಹೇಳುವಾಗ ನನ್ನ ದನಿ ಮದುವೆ ಮನೆಯ ಓಲಗದಂತಿತ್ತು.

ಹಿರಿಯ ಪರೀಕ್ಷಕರು ಕನ್ನಡಕ ತೆಗೆದು, “ಬಹಳ ಚೊಕ್ಕವಾಗಿ ಮಾಡಿದಿರಿ. ಯಾರ ಹತ್ತಿರ ಕಲಿತದ್ದು?” ಎಂದರು.

“ಮೈಸೂರಿನಲ್ಲಿ ಸಾರ್” ಎಂದುಬಿಟ್ಟೆ. ಅಷ್ಟು ದೊಡ್ಡವರ ಮುಂದೆ ಹಳೇಕೋಟೆ ಎನ್ನಲು ಬಾಯಿ ಬರಲಿಲ್ಲ.

ಪಾಸಾದೆ. ಫಲಿತಾಂಶದ ಕಾಗದ ಬಂದ ದಿನ ರಂಗಸ್ವಾಮಿ ಬೀದಿಗೆಲ್ಲ ಸಕ್ಕರೆ ಹಂಚಿದ. ಎದುರಿನ ಕ್ಲಿನಿಕ್ಕಿಗೂ ಒಂದು ಹಿಡಿ ಹೋಯಿತು. ಶಾರದೆ ಅಂದು ಮೊದಲ ಬಾರಿಗೆ ಹತ್ತಕ್ಕೆ ಹತ್ತು ಕೊಟ್ಟಳು. ಹೆಸರಿನ ಮುಂದೆ ಹೊಸ ಅಕ್ಷರಗಳನ್ನು ಸೇರಿಸಿ ಬೋರ್ಡು ಬರೆಸಿದೆ. ಪುಟ್ಟಮ್ಮ ಅದರ ಕೆಳಗೆ ನಿಂತು, “ಓದಾಕ್ ಬರಾಕಿಲ್ಲ, ಆದ್ರೂ ಉದ್ದ ಆಗದೆ ಬುಡು” ಎಂದು ಗುಳಿಗೆ ತೆಗೆದುಕೊಂಡು ಹೋದಳು.

ಮುಂದಿನ ವರ್ಷ ಅದೇ ಪರೀಕ್ಷೆಗೆ ಕಟ್ಟಿದ್ದ ಇಬ್ಬರು ಕಿರಿಯ ಡಾಕ್ಟರುಗಳು, ಒಬ್ಬರು ಅರಕಲಗೂಡಿನವರು, ಒಬ್ಬರು ಚನ್ನರಾಯಪಟ್ಟಣದವರು, ಪಾಠಕ್ಕೆಂದು ಬಂದರು. ನನ್ನ ಟಿಪ್ಪಣಿ ಪುಸ್ತಕಗಳನ್ನೆಲ್ಲ ಬಿಚ್ಚಿಟ್ಟೆ, ಭಾನುವಾರ ಪುಟ್ಟಮ್ಮನನ್ನೂ ಕರೆಸಿದೆ. ಇಬ್ಬರೂ ಮೊದಲ ಸಲಕ್ಕೇ ಪಾಸಾದರು. ಫಲಿತಾಂಶ ಬಂದ ಮರುದಿನ ಸ್ವೀಟ್ ಡಬ್ಬ ಹಿಡಿದು ಕ್ಲಿನಿಕ್ಕಿಗೆ ಬಂದರು. ನಾನು ಎದ್ದು ನಿಂತು, ‘ಇದೆಲ್ಲ ಯಾಕ್ರೀ’ ಎನ್ನುತ್ತ ಎರಡೂ ಕೈ ಚಾಚಿದೆ. ಅರಕಲಗೂಡಿನವರು ಡಬ್ಬವನ್ನು ತುಸು ಹಿಂದಕ್ಕೆಳೆದುಕೊಂಡು, “ಸಾರ್, ಹಳೇಕೋಟೆ ಬಸ್ಸು ಎಷ್ಟು ಹೊತ್ತಿಗಿದೆ?” ಎಂದು ಕೇಳಿದರು. ನಾನು ಹೇಳಿದೆ.