ಹೊಗೆಸೊಪ್ಪಿನ ದಿಗ್ವಿಜಯ

ಕಣ್ಣಿಗೆ ಕಾಣದ ಜೀವಿಗಳು ಕಣ್ಣುಳ್ಳವರನ್ನು ಗೋಳುಹೊಯ್ದುಕೊಳ್ಳುತ್ತಿದ್ದ ಘೋರ ಕಲಿಯುಗದಲ್ಲಿ, ಧಾರವಾಡದ ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ, ಶ್ವೇತಕಂಚುಕಧಾರಿಣಿಯೂ ಚಿಮಟಾಯುಧಹಸ್ತೆಯೂ ಸ್ಪಿರಿಟ್‌ಪರಿಮಳವಿಲೇಪಿತೆಯೂ ಆದ ನೀಲಾಂಬಿಕಾ ಹಂಚಿನಾಳ ಎಂಬ ಎಂ.ಎಸ್ಸಿ. ವಿದ್ಯಾರ್ಥಿನಿ ಒಂದು ಭೀಷಣ ಪ್ರತಿಜ್ಞೆ ಕೈಗೊಂಡಳು. ಸಮುದ್ರಗರ್ಭದಲ್ಲಿ ಮಿನುಗುವ ಜೆಲ್ಲಿ ಮೀನಿನ ಜೀನನ್ನು ಹೊಗೆಸೊಪ್ಪಿನ ಎಲೆಯೊಳಗೆ ಸೇರಿಸಿ, ನೀಲಿ ದೀಪದಡಿ ಆ ಗಿಡ ಹಸಿರಾಗಿ ಹೊಳೆಯುವಂತೆ ಮಾಡದೆ ವಿಶ್ರಮಿಸೆನು ಎಂದು. ಪ್ರತಿಜ್ಞೆ ಕೆಟ್ಟರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ದರೆ ಪದವಿಯೂ ಇಲ್ಲ.

ಆದರೆ ಬೂಷ್ಟು ಎಂಬ ಧವಳರೋಮಾವೃತ ದೈತ್ಯ, ಜೀನು ಸೇರಿಸಿಟ್ಟ ಅವಳ ಎಲೆಚೂರುಗಳ ಸೈನ್ಯವನ್ನು ತಟ್ಟೆತಟ್ಟೆಯಾಗಿ ನುಂಗುತ್ತ ಬಂದ. ಒಂದು ಮಧ್ಯಾಹ್ನ ಅವಳು ಕಪಾಟು ತೆರೆದಾಗ ಉಳಿದದ್ದು ಒಂದೇ ಒಂದು ಗಾಜಿನ ತಟ್ಟೆ. ಅದರ ನಡುವೆ ಒಂದು ಎಲೆಚೂರು ಅಕ್ಕಿಕಾಳಿನಷ್ಟು ಚಿಗುರೊಡೆದಿತ್ತು. ಅಂಚಿನಲ್ಲಿ ಮಾತ್ರ ವೈರಿ ಆಗಲೇ ಬಿಡಾರ ಹೂಡಿದ್ದ. ಸಂಜೆಯೊಳಗೆ ಚಿಗುರನ್ನು ಹೊಸ ತಟ್ಟೆಗೆ ಸಾಗಿಸದಿದ್ದರೆ ವಂಶನಾಶ ಖಚಿತ. ಸಾಗಿಸಲು ಬೇಕಾದದ್ದು ಶುದ್ಧಗಾಳಿ ಬೀಸುವ ಗಾಜಿನ ಪೆಟ್ಟಿಗೆ. ಇಡೀ ವಿಭಾಗಕ್ಕೆ ಅದು ಒಂದೇ.

ಆ ಪೆಟ್ಟಿಗೆಯ ಮುಂದಿನ ಸಿಂಹಾಸನಪ್ರಾಯವಾದ ಸ್ಟೂಲಿನ ಮೇಲೆ, ಅವಳ ಸಹಪಾಠಿಯೂ ಕದಳೀಕುಲೋದ್ಧಾರಕನೂ ಆದ ಗುರುಸಿದ್ಧ ಬೆಟಗೇರಿ ಬೆಳಗಿನಿಂದ ಬಾಳೆಯ ಕುಡಿ ಕತ್ತರಿಸುತ್ತ ಆಸೀನನಾಗಿದ್ದ. ಪ್ರಳಯಮೇಘದಂತೆ ಅವನ ಬೆನ್ನಹಿಂದೆ ಬಂದು ನಿಂತ ನೀಲಾಂಬಿಕೆ, ತನ್ನ ಕೋಪಾಗ್ನಿಯಲ್ಲಿ ಬಾಳೆವನಗಳೇ ಬೂದಿಯಾಗುವ ಮೊದಲು ಪೀಠ ತೆರವು ಮಾಡೆಂದು ಗರ್ಜಿಸಿದಳು. ಸೂರ್ಯ ಪಥ ಬದಲಿಸಿದರೂ ಕೊನೆಯ ಕುಡಿ ನೆಡುವವರೆಗೆ ತಾನು ಕದಲೆನೆಂದು ಅವನು ಪ್ರತಿಗರ್ಜಿಸಿದ. ಅಕ್ಕಪಕ್ಕದವರ ಕಿವಿಗೆ ಬಿದ್ದ ಮಾತು ಇಷ್ಟು:

"ಬೆಳಗಿನಿಂದ ಕುಂತೀಯಲ್ಲೋ. ಏಳ ಇನ್ನ."

"ಸಂಜಿತನಾ ಪಾಳಿ ನಂದ ಐತಿ. ಬೇಕಾದ್ರ ಮೇಡಮ್ಮರನ್ನ ಕೇಳು."

ನ್ಯಾಯ ಅವನ ಕಡೆಗಿತ್ತು. ಅದೇ ಅವಳಿಗೆ ಅಸಹನೀಯವಾಯಿತು. ಕಣ್ಣು ತುಂಬಿತು, ಮುಖಗವಸಿನೊಳಗೆ ಮೂಗು ಸೋರಿತು. ಸ್ಪಿರಿಟ್ ಹಚ್ಚಿ ಶುದ್ಧಿಮಾಡಿಕೊಂಡ ಕೈಯಿಂದ ಮೂಗು ಒರೆಸಿಕೊಳ್ಳುವಂತಿಲ್ಲವೆಂಬ ಯುದ್ಧಧರ್ಮಕ್ಕೆ ಕಟ್ಟುಬಿದ್ದು ಹಾಗೆಯೇ ನಿಂತಳು. ಬಳಿಕ ಬೂಷ್ಟುಗಟ್ಟಿದ ತಟ್ಟೆಯನ್ನು ಬ್ರಹ್ಮಾಸ್ತ್ರದಂತೆ ಮೇಲೆತ್ತಿ, ಮುಚ್ಚಳದ ಮೇಲೆ ಹೆಬ್ಬೆರಳಿಟ್ಟಳು.

"ಹಂಗಾರ ಇದನ್ನ ಇಲ್ಲೇ ತಗೀತೀನಿ, ನಿನ್ನ ಬಾಳಿ ಮುಂದ."

ತೆರೆದರೆ ಬೂಷ್ಟಿನ ಬೀಜಕಣಗಳು ಹಾರಿ ಬಾಳೆಯ ಸಂತತಿಯೂ ನಿರ್ನಾಮ. ಗುರುಸಿದ್ಧ ತನ್ನ ತಟ್ಟೆಗಳನ್ನು ಎದೆಗೆ ಅವಚಿಕೊಂಡು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಓಡಲು ಹೊರಟವನ ಕಣ್ಣಿಗೆ ಆ ಪುಟ್ಟ ಚಿಗುರು ಬಿತ್ತು. ಅವನು ನಿಂತ.

"ಇದೊಂದ ಉಳದೈತೇನ?"

ಅವಳು ಹೌದೆಂದು ತಲೆಯಾಡಿಸಿದಳು.

ಅವನು ಬಾಳೆಯನ್ನು ದೂರದ ಕಪಾಟಿನಲ್ಲಿ ಭದ್ರಪಡಿಸಿ ಬಂದು ಸ್ಟೂಲು ನೆಟ್ಟಗೆ ಮಾಡಿದ. "ಕುಂದರು. ಸ್ಪಿರಿಟ್ ದೀಪಾ ನಾ ಹಚ್ಚತೀನಿ."

ಆಮೇಲಿನ ಸಮರವನ್ನು ಏನೆಂದು ಬಣ್ಣಿಸಲಿ. ಅವನು ಜ್ವಾಲೆಯನ್ನು ಕಾಯ್ದ, ಅವಳು ಅಗ್ನಿಶುದ್ಧಖಡ್ಗದಿಂದ ಬೂಷ್ಟಿನ ಗಡಿ ತಪ್ಪಿಸಿ ಚಿಗುರನ್ನು ಬಿಡಿಸಿದಳು. ಅದು ಹೊಸ ತಟ್ಟೆಯನ್ನೇರಿತು, ಬೇರು ಬಿಟ್ಟಿತು, ಮುಂದೆ ಕುಂಡದಲ್ಲಿ ಅಗಲವಾದ ಎಲೆಗಳ ಗಿಡವಾಯಿತು.

ಪರೀಕ್ಷೆಯ ದಿನ ಕಿಟಕಿಗಳಿಗೆಲ್ಲ ಕರಿಬಟ್ಟೆ ಕಟ್ಟಿ, ಅವಳ ಪ್ರಾಜೆಕ್ಟಿನ ಮಾರ್ಗದರ್ಶಕಿ ಹುಯಿಲಗೋಳ ಮೇಡಂ ನೀಲಿ ದೀಪ ಹಾಕಿದರು. ಕತ್ತಲಲ್ಲಿ ಗಿಡದ ನರನರವೂ ಹಸಿರಾಗಿ ಹೊಳೆಯಿತು. ಕಡಲನ್ನೇ ಕಾಣದ ಸೊಪ್ಪಿನೊಳಗೆ ಕಡಲು ಬೆಳಗುತ್ತಿತ್ತು. ದೇವದುಂದುಭಿ ಮೊಳಗಬೇಕಾದ ಆ ಗಳಿಗೆಯಲ್ಲಿ ಮೇಡಂ ಕನ್ನಡಕ ಸರಿಪಡಿಸಿಕೊಂಡು ನುಡಿದರು:

"ಚಲೋ ಬಂದೈತಿ. ಫೋಟೋ ತಗೊಂಡು ಕುಕ್ಕರಿಗೆ ಹಾಕಿಬಿಡು."

ಜೀನು ಬದಲಾದ ಗಿಡ ಜೀವಂತವಾಗಿ ಪ್ರಯೋಗಶಾಲೆಯ ಹೊಸಿಲು ದಾಟಬಾರದೆಂಬುದು ನಿಯಮ. ನೀಲಾಂಬಿಕೆ ತನ್ನ ಕೈಯಾರೆ ಗಿಡವನ್ನು ಬುಡಸಮೇತ ಕಿತ್ತು, ಚೀಲಕ್ಕೆ ತುಂಬಿ, ಆವಿಯ ಪಾತ್ರೆಯೊಳಗಿಟ್ಟು ಮುಚ್ಚಳ ಬಿಗಿದಳು. ಗುರುಸಿದ್ಧ ಪಕ್ಕದಲ್ಲಿ ನಿಂತಿದ್ದ. ಪಾತ್ರೆ ಬುಸುಗುಟ್ಟಿತು. ಸ್ವಲ್ಪ ಹೊತ್ತಿಗೆ ಕಾರಿಡಾರಿನ ತುಂಬ ಬೆಂದ ಸೊಪ್ಪಿನ ವಾಸನೆ ಹರಡಿತು.

ಪಾತ್ರೆಯ ಬುಸುಗಾಟ ನಿಲ್ಲುವವರೆಗೂ ಅವಳು ಗೋಡೆಗೊರಗಿ ನಿಂತಿದ್ದಳು. ಆಮೇಲೆ ಕೋಟು ಬಿಚ್ಚಿದಳು.

"ಇವತ್ತ ಮೆಸ್ಸಿನ್ಯಾಗ ಪಲ್ಯ ಏನಂತ?"

"ಮೆಂತ್ಯ," ಅಂದ ಗುರುಸಿದ್ಧ. ಇಬ್ಬರೂ ಉಣ್ಣಲು ಹೋದರು.